ಬೂಷ್ಟು ಕೊಟ್ಟ ಬಿಳಿ ಪುಡಿ

ಏಳು ವರ್ಷ ನಾನು ಬೂಷ್ಟು ಸಾಕಿದೆ. ಹೀಗೆಂದರೆ ಕೇಳಿದವರು ನಗುತ್ತಾರೆ. ಆದರೆ ನನ್ನ ಕೆಲಸಕ್ಕೆ ಇದಕ್ಕಿಂತ ನೇರವಾದ ಹೆಸರು ನನಗೆ ಸಿಕ್ಕಿಲ್ಲ. ಶಿರಾ ದಾಟಿ ಸ್ವಲ್ಪ ದೂರದಲ್ಲಿ, ಹೆದ್ದಾರಿಯ ಪಕ್ಕಕ್ಕೆ, ಆ್ಯಂಟಿಬಯಾಟಿಕ್ ಔಷಧಿಗಳ ಮೂಲವಸ್ತು ತಯಾರಿಸುವ ಕಾರ್ಖಾನೆಯೊಂದಿತ್ತು. ಅದರ ಪ್ರಯೋಗಾಲಯದಲ್ಲಿ ನನಗೊಂದು ಮೇಜು, ಗಾಳಿ ಸೋಸಿ ಬಿಡುವ ಒಂದು ಗಾಜಿನ ಗೂಡು, ಕಪಾಟಿನ ತುಂಬ ದುಂಡನೆಯ ತಟ್ಟೆಗಳು. ತಟ್ಟೆಗಳಲ್ಲಿ ಹಸಿರು ಬೂಷ್ಟು. ನಿಂಬೆಹಣ್ಣಿನ ಸಿಪ್ಪೆಯ ಮೇಲೆ, ಮರೆತು ಬಿಟ್ಟ ರೊಟ್ಟಿಯ ಮೇಲೆ ಬರುತ್ತದಲ್ಲ, ಅದರದೇ ದಾಯಾದಿ.

ಊರಲ್ಲಿ, ಪುರವರದ ನಮ್ಮ ಮನೆಯಲ್ಲಿ, ಬೂಷ್ಟು ಎಂದರೆ ಅವ್ವನ ಪಾಲಿಗೆ ಅವಮಾನ. ಉಪ್ಪಿನಕಾಯಿ ಜಾಡಿಗೆ ಯಾರೋ ಒದ್ದೆ ಕೈ ಹಾಕಿದ್ದಾರೆ ಎಂದರ್ಥ. ಕೆಲಸ ಸಿಕ್ಕಿದ ಸುದ್ದಿಯನ್ನು ಹೇಳಿದಾಗ ಅವಳು, "ಬೂಷ್ಟು ಸಾಕಾಕೂ ಸಂಬ್ಳ ಕೊಡ್ತಾರೇನಮ್ಮಿ?" ಅಂದಳು. ನಾನು ಆದಷ್ಟು ಸರಳವಾಗಿ ಬಿಡಿಸಿ ಹೇಳಿದೆ. ಪೆನಿಸಿಲಿನ್ ಕೊಡುವುದೇ ಈ ಬೂಷ್ಟು. ಆದರೆ ಈಗಿನ ಎಷ್ಟೋ ಮಾತ್ರೆ, ಕ್ಯಾಪ್ಸೂಲುಗಳಿಗೆ ಆ ಪೆನಿಸಿಲಿನ್ ಹಾಗೆಯೇ ಒದಗುವುದಿಲ್ಲ. ಅದರೊಳಗೆ ಐದು ಕೊಂಡಿಗಳ ಒಂದು ಬಳೆಯಿದೆ, ಅದನ್ನು ಆರು ಕೊಂಡಿಗೆ ಹಿಗ್ಗಿಸಬೇಕು. ಕಾರ್ಖಾನೆಗಳು ಅದನ್ನು ಉರಿಯುವ, ನಾರುವ ರಾಸಾಯನಿಕಗಳನ್ನು ಸುರಿದು ಮಾಡುತ್ತವೆ. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಗೆ ಮಾತ್ರ ಆ ವಿದ್ಯೆ ಹುಟ್ಟಿನಿಂದಲೇ ಬರುತ್ತದೆ. ಅದರ ವಂಶವಾಹಿಯ ಒಂದು ತುಣುಕನ್ನು ತಂದು ನಮ್ಮ ಬೂಷ್ಟಿನೊಳಗೆ ಸೇರಿಸಿದರೆ, ಬೂಷ್ಟೇ ಆ ಕೆಲಸವನ್ನೂ ಮಾಡಿಕೊಡುತ್ತದೆ. ಹಸುವಿಗೆ ಎಮ್ಮೆ ಹಾಲು ಕೊಡುವುದನ್ನು ಕಲಿಸಿದ ಹಾಗೆ ಅಂದೆ. ಅವ್ವ ಸೊಪ್ಪು ಬಿಡಿಸುತ್ತಲೇ, "ಅಸೂಗೆ ಅದ್ರಿಂದ ನೋವಾಗಲ್ವಾ?" ಎಂದು ಕೇಳಿದಳು. ಬೂಷ್ಟಿಗೆ ನೋವಿಲ್ಲ ಎಂದು ನಾನು ನಕ್ಕೆ.

ಶಿರಾದಲ್ಲಿ ಒಂದು ಮಹಡಿಯ ಕೋಣೆ ಬಾಡಿಗೆಗೆ ಹಿಡಿದೆ. ಕೆಳಗೆ ಮನೆಯೊಡತಿ, ಅವರ ಒಬ್ಬಳೇ ಮಗಳು. ಮನೆಯೊಡತಿ ನನಗಿಂತ ಹದಿನೈದು ವರ್ಷ ಹಿರಿಯರು. ಗಂಡ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದವರು, ಮಗಳು ಹೈಸ್ಕೂಲಿನಲ್ಲಿದ್ದಾಗ ತೀರಿಕೊಂಡಿದ್ದರು. ಅಂಗಡಿ ಮೈದುನನ ಕೈಗೆ ಹೋಗಿತ್ತು. ಇವರು ರವಿಕೆ, ಸಲ್ವಾರು ಹೊಲಿದು ಮನೆ ನಡೆಸುತ್ತಿದ್ದರು. ಮೊದಲ ತಿಂಗಳು ನಾನು ಅವರನ್ನು ಮೇಡಂ ಎಂದೂ ಅವರು ನನ್ನನ್ನು ಮೇಡಂ ಎಂದೂ ಕರೆದುಕೊಂಡೆವು. ಒಂದು ದಿನ ನನಗೆ ಜ್ವರ ಬಂದು ಎರಡು ಹೊತ್ತು ಕೆಳಗಿಳಿಯದಿದ್ದಾಗ ಅವರೇ ಗಂಜಿ ತಂದರು. ಆಮೇಲೆ ನಾನು ಅವರ ಮಗಳ ಗೆಳತಿಯರು ಕರೆಯುವ ಹಾಗೆ ಖಾಲಾ ಎನ್ನತೊಡಗಿದೆ, ಚಿಕ್ಕಮ್ಮ ಎಂದು. ಅವರು ನನ್ನನ್ನು ಬೇಟಿ ಎನ್ನತೊಡಗಿದರು. ಸೋಮವಾರ ನಾನು ಮಾಂಸ ತಿನ್ನುವುದಿಲ್ಲ ಎನ್ನುವುದು ನನಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತಿತ್ತು.

ಕೆಲಸ ಕೇಳಿದ್ದು ಅವರೇ. ಮೆಟ್ಟಿಲ ಮೇಲೆ ಕೂತು ಕಾಜ ಕಟ್ಟುತ್ತಿದ್ದವರು ಬಟ್ಟೆಯನ್ನು ಮಡಿಲಿಗೆ ಹಾಕಿಕೊಂಡು, ತಮ್ಮ ಕಣ್ಣು ಹೊಲಿದು ಹೊಲಿದು ಮಂಜಾಗುತ್ತಿದೆ, ನಿಮ್ಮ ಕಾರ್ಖಾನೆಯಲ್ಲಿ ಹೆಂಗಸರಿಗೆ ಏನಾದರೂ ಇದೆಯೇ ಎಂದು ಕೇಳಿದರು. ಪುಡಿ ಒಣಗಿಸಿ ಡ್ರಮ್ಮಿಗೆ ತುಂಬುವ ವಿಭಾಗಕ್ಕೆ ಹೆಂಗಸರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತಿದ್ದರು. ನಾನು ಆಫೀಸಿನಲ್ಲಿ ಮಾತಾಡಿದೆ. ಹದಿನೈದು ದಿನದಲ್ಲಿ ಅವರಿಗೆ ಬಿಳಿ ಕೋಟು, ಬಿಳಿ ಟೋಪಿ, ಕೊರಳಿಗೆ ಫೋಟೋ ಇರುವ ಕಾರ್ಡು ಬಂತು. ಆ ಕಾರ್ಡಿನಲ್ಲಿ ಅವರ ಮುಖ ಬೆದರಿದ ಹಾಗಿತ್ತು. ಅದನ್ನೇ ಹತ್ತು ಸಲ ತಿರುಗಿಸಿ ನೋಡಿ, ಮದುವೆಯಲ್ಲಿಯೂ ತಮ್ಮದೊಂದು ಫೋಟೋ ತೆಗೆದಿರಲಿಲ್ಲ ಎಂದರು. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿಗೆ ಕಾಯುತ್ತಿದ್ದೆವು. ನನ್ನ ಊಟದ ಡಬ್ಬಿಯೂ ಅವರ ಚೀಲದಲ್ಲೇ.

ಇತ್ತ ಬೂಷ್ಟು ಮೂರು ವರ್ಷ ನಮ್ಮ ಮಾತು ಕೇಳಲಿಲ್ಲ. ತುಣುಕು ಸೇರಿಸಿದರೆ ಬೆಳೆಯುತ್ತಿರಲಿಲ್ಲ. ಬೆಳೆದರೆ ಬೇಕಾದ್ದನ್ನು ಕೊಡುತ್ತಿರಲಿಲ್ಲ. ಕೊಟ್ಟರೂ ನಾಲ್ಕಾರು ಪೀಳಿಗೆಯಲ್ಲಿ ಮರೆತುಬಿಡುತ್ತಿತ್ತು. ಮುನ್ನೂರು ತಟ್ಟೆಗಳನ್ನು ಒಲೆಯಂಥ ಯಂತ್ರದಲ್ಲಿಟ್ಟು ಸುಟ್ಟು, ಮತ್ತೆ ಒಂದರಿಂದ ಶುರು ಮಾಡಿದ ದಿನಗಳಿವೆ. ಕೊನೆಗೊಂದು ಗುರುವಾರ ಬೆಳಿಗ್ಗೆ ಯಂತ್ರದಿಂದ ಹೊರಬಂದ ಕಾಗದದಲ್ಲಿ ನಾವು ಕಾಯುತ್ತಿದ್ದ ಜಾಗದಲ್ಲೇ ಒಂದು ಗೆರೆ ಎದ್ದು ನಿಂತಿತ್ತು. ನಮ್ಮ ಮೇಲಧಿಕಾರಿ ಓಡಿಬಂದು ಕಾಗದವನ್ನು ತಲೆಕೆಳಗಾಗಿ ಹಿಡಿದುಕೊಂಡು ನೋಡಿದರು. ಯಾರೋ ಶಿರಾದಿಂದ ಜಹಾಂಗೀರ್ ತರಿಸಿದರು. ಊಟದ ಹೊತ್ತಿನಲ್ಲಿ ಖಾಲಾಗೆ ಎರಡು ಕೊಟ್ಟು ವಿಷಯ ಹೇಳಿದೆ. ಅವರಿಗೆ ಪೂರ್ತಿ ತಿಳಿಯಲಿಲ್ಲ. ತಿಳಿಯಬೇಕಾದ್ದು ಮಾತ್ರ ತಿಳಿಯಿತು. "ಅಂದ್ರೆ ಇನ್ಮುಂದೆ ನೀನು ಮಾಡಿದ್ದನ್ನ ನಾನು ಡಬ್ಬಕ್ಕೆ ತುಂಬೋದು," ಎಂದರು.

ಹಾಗೆಯೇ ಆಯಿತು. ಮರುವರ್ಷ ನಮ್ಮ ಬೂಷ್ಟು ಎರಡು ಅಂತಸ್ತಿನ ಎತ್ತರದ ಉಕ್ಕಿನ ತೊಟ್ಟಿಗಳಿಗೆ ಇಳಿಯಿತು. ಅಂಬಲಿಯಂಥ ಆ ದ್ರವವನ್ನು ಸೋಸಿ, ಅದರ ಅಣುವಿಗೆ ಅಂಟಿಕೊಂಡ ಬೇಡದ ಬಾಲವನ್ನು ಕತ್ತರಿಸಿ, ಹರಳು ಕಟ್ಟಿಸಿ, ಒಣಗಿಸಿದರೆ ಕೊನೆಗೆ ಸಿಗುತ್ತಿದ್ದುದು ಬಿಳಿ ಪುಡಿ. ಅದು ಔಷಧಿಯಲ್ಲ, ಔಷಧಿಯ ತಿರುಳು. ಬೇರೆ ಕಂಪನಿಗಳು ಅದನ್ನು ಕೊಂಡು, ತಮಗೆ ಬೇಕಾದ ಬಾಲ ಅಂಟಿಸಿ ಕ್ಯಾಪ್ಸೂಲು ಮಾಡುತ್ತಿದ್ದವು. ಮೈದಾಹಿಟ್ಟಿಗಿಂತ ನಯವಾದ ಪುಡಿ. ಕಿಟಕಿಯ ಗಾಜಿನಿಂದ ಬಿಸಿಲು ಬಿದ್ದಾಗ ಆ ಕೋಣೆಯ ಗಾಳಿಯಲ್ಲಿ ಅದು ತೇಲುವುದು ಕಾಣುತ್ತಿತ್ತು. ನನಗೆ ಅದು ಚೆಂದವಾಗಿ ಕಂಡಿತ್ತು. ಹೌದು, ಚೆಂದವಾಗಿಯೇ.

ಖಾಲಾಳ ಮಣಿಕಟ್ಟಿನ ಕೆಂಪು ಗುರುತನ್ನು ನಾನು ಮೊದಲು ನೋಡಿದ್ದು ಬಸ್ಸಿನಲ್ಲಿ, ಅವರು ಕಂಬಿ ಹಿಡಿದು ನಿಂತಿದ್ದಾಗ. ಕೈಗವಸು ಮುಗಿಯುವ ಜಾಗದಲ್ಲಿ, ಬಳೆ ತೊಟ್ಟ ಹಾಗೆ, ಸುತ್ತಲೂ ದದ್ದು. ಹೊಸ ಪುಡಿ ಬರುವುದಕ್ಕೂ ಮೊದಲೇ, ಹಳೆಯ ಪೆನಿಸಿಲಿನ್ ಪುಡಿ ತುಂಬುತ್ತಿದ್ದ ದಿನಗಳಲ್ಲಿ. ಸೋಪಿನದು ಎಂದರು. ಆಮೇಲೆ ಕಣ್ಣಿನ ರೆಪ್ಪೆ ಊದಿಕೊಳ್ಳತೊಡಗಿತು. ಭಾನುವಾರ ಇಳಿಯುವುದು, ಸೋಮವಾರ ಸಂಜೆಗೆ ಮತ್ತೆ ಊದುವುದು. ಹೊಸ ಪುಡಿ ಶುರುವಾದ ಕೆಲವು ತಿಂಗಳಿಗೆ ಉಬ್ಬಸ ಬಂತು. ಮನೆಯ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದರೆ ಎರಡು ನಿಮಿಷ ಮಾತೇ ಹೊರಡುತ್ತಿರಲಿಲ್ಲ, ಎದೆಯಿಂದ ಸಿಳ್ಳೆಯಂಥ ಸದ್ದು. ಅವರ ವಿಭಾಗದಲ್ಲಿ ಪಾವಗಡದ ಕಡೆಯ ಒಬ್ಬ ಹೆಂಗಸಿದ್ದಳು, ಗಟ್ಟಿಗಿತ್ತಿ, ಕನ್ನಡದೊಳಗೆ ತೆಲುಗು ಬೆರೆಸಿ ಮಾತಾಡುತ್ತ ಕ್ಯಾಂಟೀನಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದವಳು. ಅವಳಿಗೂ ಅದೇ ಕೆಮ್ಮು. ಅವಳು ಮುಖವಾಡದೊಳಗೆ ಒದ್ದೆ ಕರವಸ್ತ್ರ ಇಟ್ಟುಕೊಳ್ಳುವುದನ್ನು ಉಳಿದವರಿಗೂ ಹೇಳಿಕೊಟ್ಟಿದ್ದಳು.

ಇದು ಏನೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ಈ ಜಾತಿಯ ಪುಡಿಯನ್ನು ದಿನವೂ ಉಸಿರಾಡುವವರಲ್ಲಿ ಕೆಲವರ ಮೈ ಅದನ್ನು ಶತ್ರುವೆಂದು ಗುರುತು ಹಿಡಿದುಕೊಳ್ಳುತ್ತದೆ, ಮತ್ತೆ ಮರೆಯುವುದಿಲ್ಲ ಎಂದು ಪ್ರಯೋಗಾಲಯದ ನಮಗೆ ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ದರು. ಅದಕ್ಕೇ ಆರು ತಿಂಗಳಿಗೊಮ್ಮೆ ಊರಿನ ಒಬ್ಬ ಡಾಕ್ಟರು ಬಂದು ಎಲ್ಲರನ್ನೂ ನೋಡುತ್ತಿದ್ದರು. ಒಂದು ಫಾರಂ. ದದ್ದು ಇದೆಯೇ, ಉಬ್ಬಸ ಇದೆಯೇ, ಔಷಧಿ ಒಗ್ಗದಿರುವುದು ಇದೆಯೇ. ಖಾಲಾ ಎಲ್ಲದಕ್ಕೂ ಇಲ್ಲ ಎಂದು ಗುರುತು ಹಾಕಿ, ಉರ್ದುವಿನಲ್ಲಿ ಸಹಿ ಮಾಡುತ್ತಿದ್ದರು. ಪರೀಕ್ಷೆಯ ಹಿಂದಿನ ಎರಡು ದಿನ ರಜೆ ಹಾಕಿದರೆ ದದ್ದು ಮಾಸುತ್ತದೆ ಎನ್ನುವುದನ್ನು ಆ ವಿಭಾಗದ ಹೆಂಗಸರೆಲ್ಲ ಕಂಡುಕೊಂಡಿದ್ದರು.

ಹೇಳಿಬಿಡಿ ಎಂದು ನಾನು ಮೂರು ಸಲವಾದರೂ ಹೇಳಿದ್ದೇನೆ. ಹೇಳಿದರೆ ಬೇರೆ ವಿಭಾಗಕ್ಕೆ ಹಾಕುತ್ತಾರೆ ಎಂದೆ. ಅವರು ನನ್ನನ್ನು ಮಗುವಿನ ಹಾಗೆ ನೋಡಿದರು. ಹಿಂದಿನ ವರ್ಷ ಹೇಳಿಕೊಂಡವಳನ್ನು ಬೇರೆ ವಿಭಾಗಕ್ಕೆ ಹಾಕಲಿಲ್ಲ, ಗುತ್ತಿಗೆಯನ್ನೇ ಮುಂದುವರಿಸಲಿಲ್ಲ ಎಂದು ನೆನಪಿಸಿದರು. ನಾನೇ ಹೋಗಿ ಹೇಳುತ್ತೇನೆ ಎಂದಾಗ ಕೈ ಹಿಡಿದುಕೊಂಡು, ಅದೊಂದು ಮಾತ್ರ ಮಾಡಬೇಡ ಎಂದರು. ಮಗಳು ಬಿ.ಕಾಂ. ಮೊದಲ ವರ್ಷದಲ್ಲಿದ್ದಳು. ನಾನು ಸುಮ್ಮನಾದೆ. ಅವರ ಮಾತಿಗೆ ಬೆಲೆ ಕೊಟ್ಟು ಸುಮ್ಮನಾದೆ ಎಂದು ಆಗ ಅಂದುಕೊಂಡಿದ್ದೆ. ನನ್ನ ಬೂಷ್ಟಿನ ಪುಡಿಗೆ ಕೆಟ್ಟ ಹೆಸರು ಬರುವುದು ನನಗೂ ಬೇಡವಾಗಿತ್ತು ಎನ್ನುವುದು ಆಮೇಲೆ, ಬಹಳ ಆಮೇಲೆ, ಹೊಳೆಯಿತು.

ಮಳೆಗಾಲದ ಕೊನೆಯಲ್ಲಿ ಖಾಲಾ ಮಾಳಿಗೆಯ ಮೇಲೆ ಬಟ್ಟೆ ತೆಗೆಯಲು ಹೋಗಿ ತುಕ್ಕು ಹಿಡಿದ ತಗಡಿನ ಅಂಚಿಗೆ ಕಾಲು ತಾಗಿಸಿಕೊಂಡರು. ಹಿಮ್ಮಡಿಯ ಪಕ್ಕ ಸೀಳಿತು. ಅರಿಶಿನ ಮೆತ್ತಿ, ಬಟ್ಟೆ ಕಟ್ಟಿ ಎರಡು ದಿನ ಕೆಲಸಕ್ಕೂ ಬಂದರು. ಮೂರನೆಯ ದಿನ ಚಪ್ಪಲಿ ಹಿಡಿಸಲಿಲ್ಲ. ಒಂದು ವಾರ ರಜೆ ಹಾಕಿದರು. ಭಾನುವಾರ ಮಧ್ಯಾಹ್ನ ಮಗಳು ಮೇಲೆ ಬಂದು, ಅಮ್ಮೀಗೆ ಚಳಿ ಜ್ವರ ಎಂದಳು. ಹೋಗಿ ನೋಡಿದರೆ ಕಾಲು ಮೊಣಕಾಲಿನವರೆಗೆ ಕೆಂಪಗೆ ಹೊಳೆಯುತ್ತಿತ್ತು. ಆಟೋ ತರಿಸಿದೆ. ಭಾನುವಾರ ತೆರೆದಿದ್ದ ಕ್ಲಿನಿಕ್ ಹತ್ತಿರದಲ್ಲಿ ಒಂದೇ. ಅದು ನಮ್ಮ ಕಾರ್ಖಾನೆಗೆ ಬರುತ್ತಿದ್ದ ಅದೇ ಡಾಕ್ಟರದ್ದು. ಮಗಳನ್ನು ಮನೆಯಲ್ಲೇ ಇರಲು ಹೇಳಿದೆವು.

ಡಾಕ್ಟರು ಕಾಲನ್ನು ಒತ್ತಿ ನೋಡಿ ಗದರಿದರು, ಇಷ್ಟು ದಿನ ಯಾಕೆ ಬಿಟ್ಟಿರಿ ಎಂದು. ಖಾಲಾಳ ಗುರುತು ಹಿಡಿದು, ಪುಡಿ ವಿಭಾಗದವರಲ್ಲವೇ ಎಂದೂ ಕೇಳಿದರು. ಇಂಜೆಕ್ಷನ್ ಬೇಕು, ಮಾತ್ರೆಯಲ್ಲಿ ಹೋಗುವುದಲ್ಲ ಎಂದರು. ಬರೆಯುತ್ತ ಬರೆಯುತ್ತಲೇ, ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ, ಮೈಮೇಲೆ ದದ್ದು ಏಳುವುದು, ಉಸಿರು ಕಟ್ಟುವುದು ಏನಾದರೂ ಇದೆಯೇ ಎಂದು ಕೇಳಿದರು. ಅವರು ಕೇಳಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಒಂದು ವಾರ ಪುಡಿಯಿಂದ ದೂರವಿದ್ದ ಖಾಲಾಳ ಮಣಿಕಟ್ಟು ತಿಳಿಯಾಗಿತ್ತು.

"ಇಲ್ಲ ಸಾರ್," ಎಂದರು ಖಾಲಾ.

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದೆ. ಬುರ್ಖಾದ ಮರೆಯಲ್ಲಿ ಅವರ ಕೈ ನನ್ನ ಬೆರಳುಗಳನ್ನು ಹಿಡಿದು ಹಿಂಡಿತು.

ನರ್ಸ್ ಬಂದು ಔಷಧಿ ಒಗ್ಗುತ್ತದೆಯೇ ಎಂದು ನೋಡಲು ಮುಂಗೈಯ ಚರ್ಮದಡಿ ಅದರ ಒಂದು ಹನಿ ಚುಚ್ಚಿ, ಪೆನ್ನಿನಿಂದ ಸುತ್ತ ಗೆರೆ ಎಳೆದು, ಹೊರಗಿನ ಬೆಂಚಿನಲ್ಲಿ ಕೂರಿಸಿದಳು. ಕಾಲು ಗಂಟೆ ಕಾಯಬೇಕು. ಬೆಂಚಿನಲ್ಲಿ ನಾವಿಬ್ಬರೇ. ಎದುರಿಗೆ ಮುಚ್ಚಿದ ಬ್ಯಾಂಕಿನ ಬಾಗಿಲು, ಅದರ ಮುಂದೆ ಒಂದು ಕಡಲೆಕಾಯಿ ಗಾಡಿ.

"ಖಾಲಾ, ಒಳಗೋಗಿ ಹೇಳ್ಬಿಡ್ತೀನಿ," ಎಂದೆ.

"ಸುಮ್ಕಿರು ಬೇಟಿ. ಮುಂದಿನ್ ತಿಂಗ್ಳು ಪರ್ಮನೆಂಟ್ ಲಿಸ್ಟ್ ಹಾಕ್ತಾರಂತೆ. ಇವ್ರಿಗೆ ಗೊತ್ತಾದ್ರೆ ಅಲ್ಲಿಗೂ ಗೊತ್ತಾದಂಗೇ."

"ಇದು ಅದೇ ಜಾತಿ ಔಷ್ದಿ."

"ನೋಡು, ಕೈಯಾಗೆ ಏನೂ ಎದ್ದಿಲ್ಲ," ಎಂದು ಪೆನ್ನಿನ ಗೆರೆಯನ್ನು ತೋರಿಸಿದರು. ನಿಜ, ಏನೂ ಎದ್ದಿರಲಿಲ್ಲ. ಸೊಳ್ಳೆ ಕಚ್ಚಿದಷ್ಟು ಕೆಂಪು, ಅಷ್ಟೇ.

ಆ ಕಾಲು ಗಂಟೆಯಲ್ಲಿ ನನ್ನ ಓದು ನನಗೆ ನೆವಗಳನ್ನು ಒದಗಿಸಿತು. ದದ್ದು ಶುರುವಾದದ್ದು ಹಳೆಯ ಪುಡಿಯಲ್ಲಿ. ಡಾಕ್ಟರು ಬರೆದದ್ದು ಆರು ಕೊಂಡಿಯ ಬಳೆಯಿರುವ ಇನ್ನೊಂದು ಕವಲಿನ ಔಷಧಿ. ಎರಡಕ್ಕೂ ತಿರುಳಿನ ಅರ್ಧ ಮಾತ್ರ ಸಮಾನ. ಬಾಲಗಳು ಬೇರೆ. ಒಂದು ಒಗ್ಗದವರಲ್ಲಿ ಹೆಚ್ಚಿನವರಿಗೆ ಇನ್ನೊಂದು ಒಗ್ಗುತ್ತದೆ. ಇದೆಲ್ಲ ಸುಳ್ಳಲ್ಲ, ಪುಸ್ತಕದಲ್ಲಿರುವುದೇ. ಆದರೆ ನನ್ನ ಬೂಷ್ಟು ಈ ಎರಡನೆಯ ಕವಲಿನ ತಿರುಳನ್ನೇ ಕೊಡುತ್ತಿತ್ತು, ಅದನ್ನೇ ಖಾಲಾ ಒಂದು ವರ್ಷದಿಂದ ಉಸಿರಾಡುತ್ತಿದ್ದರು, ಉಬ್ಬಸ ಬಂದದ್ದು ಅದರಿಂದಲೇ ಎಂಬ ಮಾತನ್ನು ನನ್ನ ತಲೆ ಆ ಹೊತ್ತಿಗೆ ಬದಿಗಿಟ್ಟಿತು. ನರ್ಸ್ ಬಂದು ಕೈ ನೋಡಿ, ಆಯಿತು ಬನ್ನಿ ಎಂದಳು. ನಾನು ಅವರ ಚೀಲ ಹಿಡಿದುಕೊಂಡು ಒಳಗೆ ಹೋದೆ.

ಇಂಜೆಕ್ಷನ್ ಮುಗಿಯುವ ಮೊದಲೇ ಖಾಲಾ ಗಂಟಲು ಕೆರೆದುಕೊಂಡರು. ನಾಲಿಗೆ ದಪ್ಪಗಾಗುತ್ತಿದೆ ಎಂದು ಉರ್ದುವಿನಲ್ಲಿ ಹೇಳಿದರು, ಡಾಕ್ಟರಿಗಲ್ಲ, ನನಗೆ. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡರು. ಮುಖ ಊದುತ್ತ ಹೋಯಿತು. ಆಗ ನಾನು ಹೇಳಿದೆ. ಎಲ್ಲವನ್ನೂ, ಮಣಿಕಟ್ಟು, ರೆಪ್ಪೆ, ಉಬ್ಬಸ, ಒಂದೇ ಉಸಿರಿಗೆ. ಡಾಕ್ಟರು ನನ್ನ ಕಡೆ ತಿರುಗಿಯೂ ನೋಡದೆ ಸೂಜಿ ಕಿತ್ತು, ಬೇರೆ ಔಷಧಿ ತೊಡೆಗೆ ಚುಚ್ಚಿದರು, ಮತ್ತೆ ಚುಚ್ಚಿದರು, ಮೂಗಿಗೆ ಆಮ್ಲಜನಕ ಹಿಡಿದರು. ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಆಂಬುಲೆನ್ಸಿನಲ್ಲಿ ತಾವೇ ಹತ್ತಿ ಕೂತರು. ತುಮಕೂರಿನ ದಾರಿಯಲ್ಲಿ ಎರಡು ಸಲ ಎದೆ ಒತ್ತಿದರು. ಖಾಲಾಳ ಚಪ್ಪಲಿ ಹಿಡಿಸದ ಆ ಕಾಲು ನನ್ನ ಮಡಿಲಿನಲ್ಲಿತ್ತು. ಆಸ್ಪತ್ರೆಯಲ್ಲಿ ಇನ್ನೂ ಒಂದು ಗಂಟೆ ಪ್ರಯತ್ನ ಪಟ್ಟರು. ಹೊತ್ತು ಮುಳುಗುವುದರೊಳಗೆ ಅವರು ಹೋದರು.

ಕಾರಿಡಾರಿನಲ್ಲಿ ಡಾಕ್ಟರು ನನ್ನ ಪಕ್ಕ ಬಂದು ಕೂತರು. ಅವರ ಅಂಗಿಯ ತೋಳು ಒದ್ದೆಯಾಗಿತ್ತು. "ನೀವು ಓದಿದವರು," ಎಂದರು. ಅಷ್ಟೇ.

ಪೋಸ್ಟ್‌ಮಾರ್ಟಂ ಬೇಡವೆಂದು ಮೈದುನ ಬರೆದುಕೊಟ್ಟ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮಣ್ಣಾಯಿತು. ಕಾರ್ಖಾನೆಯಿಂದ ಒಂದು ಬಸ್ಸಿನಷ್ಟು ಹೆಂಗಸರು ಬಂದು ಮನೆಯ ಮುಂದೆ ಚಾಪೆಯ ಮೇಲೆ ಕೂತರು. ಪಾವಗಡದವಳು ಅಳುತ್ತಲೂ ಕೆಮ್ಮುತ್ತಲೂ ಇದ್ದಳು. ಬಂದವರೆಲ್ಲ ಇಂಜೆಕ್ಷನ್ ರಿಯಾಕ್ಷನ್ ಅಂತೆ, ನಸೀಬು ಎಂದು ಮಾತಾಡಿಕೊಂಡರು. ಮಗಳು ನನ್ನ ಕೈ ಬಿಡಲೇ ಇಲ್ಲ. ಎರಡು ವಾರ ರಾತ್ರಿ ನನ್ನ ಕೋಣೆಯಲ್ಲೇ ಮಲಗಿದಳು. ನಾನು ಅಡುಗೆ ಮಾಡಿ ಬಡಿಸುತ್ತಿದ್ದೆ, ಅವಳು ಅಕ್ಕ ಅಕ್ಕ ಎನ್ನುತ್ತಿದ್ದಳು.

ನಲವತ್ತನೆಯ ದಿನದ ಫಾತಿಹಾ ಮುಗಿದು ನೆಂಟರು ಹೋದ ಮೇಲೆ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ. ಪುಡಿಯ ವಿಷಯ, ಫಾರಂ ವಿಷಯ, ಬೆಂಚಿನ ವಿಷಯ. ಅವಳು ತಲೆ ತಗ್ಗಿಸಿಕೊಂಡು ಕೇಳಿದಳು.

"ಡಾಕ್ಟ್ರು ಕೇಳಿದಾಗ ನೀವು ಅಲ್ಲೇ ಇದ್ರಾ?"

"ಇದ್ದೆ."

"ಅಮ್ಮೀಗೆ ಗೊತ್ತಿರ್ಲಿಲ್ಲ ಅಕ್ಕ, ಪ್ರಾಣ ಹೋಗೋವಷ್ಟು ಇರ್ತದೆ ಅಂತ. ನಿಮ್ಗೆ ಗೊತ್ತಿತ್ತು."

ಅವಳು ಎದ್ದು ಲೋಟ ತೊಳೆದಿಟ್ಟು, ದುಪಟ್ಟಾದಿಂದ ಕೈ ಒರೆಸಿಕೊಂಡು, ಈ ತಿಂಗಳ ಕೊನೆಗೆ ರೂಮು ಖಾಲಿ ಮಾಡಿ ಎಂದಳು. ಧ್ವನಿ ಏರಿಸಲಿಲ್ಲ. ನಾನು ಮನೆ ಬಿಡುವ ದಿನದವರೆಗೂ ಬಾಗಿಲಲ್ಲಿ ಎದುರಾದರೆ ದಾರಿ ಬಿಟ್ಟು ನಿಲ್ಲುತ್ತಿದ್ದಳು, ಅಪರಿಚಿತರಿಗೆ ನಿಲ್ಲುವ ಹಾಗೆ.

ಅವಳಿಗೆ ಹೇಳಿದ ಮೇಲೆ ಇನ್ನು ಯಾರಿಗೆ ಹೇಳುವುದಕ್ಕೂ ಹೆದರಿಕೆ ಉಳಿಯಲಿಲ್ಲ. ಕಾರ್ಖಾನೆಯ ಮುಖ್ಯಸ್ಥರಿಗೆ ಆರು ಪುಟದ ಪತ್ರ ಬರೆದೆ. ಅವರು ಕೋಪಿಸಿಕೊಳ್ಳಲಿಲ್ಲ. ನನ್ನನ್ನು ಕೂರಿಸಿ, ಟೀ ತರಿಸಿ, ಖಾಲಾಳ ಫಾರಂಗಳನ್ನು ಮೇಜಿನ ಮೇಲೆ ಹರಡಿದರು. ಪ್ರತಿಯೊಂದರಲ್ಲೂ ಇಲ್ಲ, ಇಲ್ಲ, ಇಲ್ಲ. ಕೆಳಗೆ ಆ ಚೆಂದದ ಉರ್ದು ಸಹಿ. ನಾವು ಕೇಳಿದ್ದೆವು, ಅವರು ಮುಚ್ಚಿಟ್ಟರು, ನಾವೇನು ಮಾಡಬೇಕಿತ್ತು ಎಂದು ಕೇಳಿದರು. ಹೇಳಿದರೆ ಕೆಲಸ ಹೋಗುತ್ತದೆ ಎನ್ನುವ ಕಡೆ ಯಾರು ಹೇಳುತ್ತಾರೆ ಎಂದೆ. ಅದಕ್ಕೆ ಅವರು ಟೀ ಆರುತ್ತದೆ, ಕುಡಿಯಿರಿ ಎಂದರು.

ಆದರೂ ಪತ್ರ ಸುಮ್ಮನೆ ಬಿದ್ದಿರಲಿಲ್ಲ. ಎರಡು ತಿಂಗಳೊಳಗೆ ಪುಡಿಯ ಕೋಣೆಗೆ ಗಾಳಿ ಎಳೆಯುವ ದೊಡ್ಡ ಕೊಳವೆಗಳು ಬಂದವು. ಮುಖ ಪೂರ್ತಿ ಮುಚ್ಚುವ, ಒಳಗೆ ಶುದ್ಧ ಗಾಳಿ ಹರಿಯುವ ಮುಖವಾಡಗಳು ಬಂದವು. ಬೆಂಗಳೂರಿನಿಂದ ತಜ್ಞರೊಬ್ಬರು ಬಂದು ಆ ವಿಭಾಗದ ಎಲ್ಲರ ರಕ್ತ ತೆಗೆದು, ಉಸಿರು ಅಳೆದರು. ರಜೆ ಹಾಕಿ ಮುಚ್ಚಿಡುವ ಉಪಾಯ ರಕ್ತದ ಮುಂದೆ ನಡೆಯಲಿಲ್ಲ. ಐದು ಹೆಂಗಸರಿಗೆ ಒಗ್ಗುವುದಿಲ್ಲ ಎಂದು ಗೊತ್ತಾಯಿತು. ಐದೂ ಜನರ ಗುತ್ತಿಗೆ ಆ ತಿಂಗಳಿಗೇ ಮುಗಿಯಿತು. ಅವರ ಒಳ್ಳೆಯದಕ್ಕೇ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಪತ್ರ ಬರೆದದ್ದು ನಾನೆಂದು ಹೇಗೋ ಗೊತ್ತಾಗಿ, ಉಳಿದವರು ಬಸ್ಸಿನಲ್ಲಿ ನನ್ನ ಪಕ್ಕ ಕೂರುವುದನ್ನು ಬಿಟ್ಟರು.

ಮುಂದಿನ ಬೇಸಿಗೆಗೆ ನಾನು ಕೆಲಸ ಬಿಟ್ಟೆ. ಬೂಷ್ಟು ಅಲ್ಲೇ ಉಳಿಯಿತು. ಅದು ಅವರದು, ನನ್ನದಲ್ಲ. ಈಗಲೂ ಆ ತೊಟ್ಟಿಗಳಲ್ಲಿ ನಮ್ಮ ತಳಿಯೇ ಓಡುತ್ತಿದೆ ಎಂದು ಕೇಳಿದ್ದೇನೆ. ಅದರ ತಿರುಳಿನಿಂದಾದ ಕ್ಯಾಪ್ಸೂಲು ನುಂಗಿ ಬದುಕಿದವರು ಎಷ್ಟೋ ಇರಬೇಕು. ಆ ಮಾತನ್ನು ನನಗೆ ಸಮಾಧಾನಕ್ಕೆಂದು ಹೇಳುವವರಿದ್ದಾರೆ. ಅದು ನಿಜವೇ. ನಿಜವಾದ ಮಾತ್ರಕ್ಕೆ ನನಗೆ ಉಪಯೋಗಕ್ಕೆ ಬರುವುದಿಲ್ಲ.

ಈಗ ಮಧುಗಿರಿಯಲ್ಲಿ ರಕ್ತ, ಮೂತ್ರ, ಕೀವು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿದ್ದೇನೆ. ಬೆಟ್ಟದ ಕೆಳಗೇ ಮನೆ. ಮಧ್ಯಾಹ್ನದ ಮೇಲೆ ಬಂಡೆಯ ಕಾವು ಕಿಟಕಿಯಿಂದ ಒಳಗೇ ಬರುತ್ತದೆ. ಕೊರಟಗೆರೆಯಿಂದ, ಹೊಳವನಹಳ್ಳಿಯಿಂದ ಕೀವಿನ ಸ್ಯಾಂಪಲ್ಲುಗಳು ಬರುತ್ತವೆ. ಅವುಗಳಲ್ಲಿ ಬೆಳೆದ ರೋಗಾಣುವಿಗೆ ಯಾವ ಔಷಧಿ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ಪಟ್ಟಿ ಬರೆಯುವುದು ನನ್ನ ಕೆಲಸ. ನಾಟುವುದಿಲ್ಲ ಎನ್ನುವ ಕಡೆಯ ಪಟ್ಟಿ ವರ್ಷ ವರ್ಷಕ್ಕೆ ಉದ್ದವಾಗುತ್ತಿದೆ. ಅವ್ವ ಪುರವರದಿಂದ ಬಂದಾಗ, ಈಗೇನು ಸಾಕ್ತಿದೀಯ ಎಂದು ಕೇಳಿದಳು. ಏನೂ ಸಾಕುತ್ತಿಲ್ಲ, ಇರುವುದನ್ನು ಎಣಿಸುತ್ತೇನೆ ಎಂದೆ.

ಹೋದ ಮಾಗಿಯಲ್ಲಿ ಮಧುಗಿರಿ ಬಸ್ ನಿಲ್ದಾಣದಲ್ಲಿ ಪಾವಗಡದವಳು ಸಿಕ್ಕಳು. ಬಸ್ಸು ಬದಲಿಸಲು ಇಳಿದಿದ್ದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು. ನಾನು ತಪ್ಪಿಸಿಕೊಂಡು ಹೋಗಲಿಲ್ಲ, ಅವಳೂ ಹೋಗಲಿಲ್ಲ. ಹತ್ತಿರ ಬಂದು ನಿಂತಳು.

"ಆ ಲೆಟ್ರು ಬರ್ದೋರು ನೀವೇ ಕದಾ?"

ಹೌದು ಎಂದೆ. ಉಸಿರು ಹೇಗಿದೆ ಎಂದು ಕೇಳಿದೆ. ಕೆಮ್ಮು ನಿಂತು ವರ್ಷವಾಯಿತು ಎಂದಳು. ಈಗ ಸೋಲಾರ್ ಪ್ಲೇಟು ತೊಳೆಯುವ ಕೆಲಸ, ಅದೂ ಕರೆದ ದಿನ ಮಾತ್ರ. ದೊಡ್ಡ ಮಗಳನ್ನು ಕಾಲೇಜು ಬಿಡಿಸಬೇಕಾಯಿತು ಎಂದು, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು. ಆಮೇಲೆ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಉಸ್ರು ಬಂತು, ಸುಳ್ಳು ಹೇಳಲ್ಲ. ಆದ್ರೆ ಬರಿಯಾಕೆ ಮುಂಚೆ ನಮ್ನ ಒಂದ್ ಮಾತು ಕೇಳ್ಬೋದಾಗಿತ್ತು ಮೇಡಂ. ಹೆಂಗೆ ಬರೀಬೇಕು ಅಂತ ನಾವೂ ಹೇಳ್ತಿದ್ವಿ. ಕೆಲ್ಸ ಹೋಗ್ದಂಗೆ ಬರೀರಿ ಅಂತಿದ್ವಿ."

ಅದು ನನಗೆ ತೋಚಿಯೇ ಇರಲಿಲ್ಲ. ಒಂದು ಸಲ ಹೇಳಬೇಕಾದ್ದನ್ನು ಹೇಳದೆ ಉಳಿದಿದ್ದೆ. ಇನ್ನೊಂದು ಸಲ ಯಾರನ್ನೂ ಕೇಳದೆ ಹೇಳಿದ್ದೆ. ತಪ್ಪಾಯಿತು ಎಂದೆ. ಅವಳು ಆ ಮಾತನ್ನು ತಳ್ಳಿಹಾಕಲೂ ಇಲ್ಲ, ತೆಗೆದುಕೊಳ್ಳಲೂ ಇಲ್ಲ. ಖಾಲಾಳ ಮಗಳ ಸುದ್ದಿ ಅವಳಿಂದಲೇ ತಿಳಿಯಿತು. ಡಿಗ್ರಿ ಮುಗಿಸಿ, ಶಿರಾದಲ್ಲೇ ಒಂದು ಟೈಲ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಳಂತೆ. ಮಹಡಿಯ ಕೋಣೆಯನ್ನು ಆಮೇಲೆ ಯಾರಿಗೂ ಕೊಟ್ಟಿಲ್ಲವಂತೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಲ್ಯಾಬಿನ ಒಂದು ಖಾಲಿ ಹಾಳೆ ನನ್ನ ಚೀಲದಲ್ಲಿತ್ತು. ಕಲ್ಲಿನ ಬೆಂಚಿನ ಮೇಲೆ ಇಟ್ಟುಕೊಂಡು, ಅವಳು ಜೀವಮಾನದಲ್ಲಿ ಮುಟ್ಟಬಾರದ ಔಷಧಿಗಳ ಹೆಸರುಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ. ಯಾವ ಡಾಕ್ಟರಲ್ಲಿಗೆ ಹೋದರೂ, ಅವರು ಕೇಳಲಿ ಬಿಡಲಿ, ಮೊದಲು ಇದನ್ನು ತೋರಿಸಬೇಕು ಎಂದೆ. ಒಂದು ಮಗ್ಗುಲು ತುಂಬಿ ಇನ್ನೊಂದು ಮಗ್ಗುಲಿಗೆ ಹೋಯಿತು. ಅವಳು ಬಗ್ಗಿ ನೋಡುತ್ತ ನಿಂತಿದ್ದಳು.

"ಇಷ್ಟೂ ತಗೋಬಾರ್ದಾ?"

"ಇಷ್ಟೂ."

"ಇನ್ನೇನು ಉಳೀತು ಮೇಡಂ ನಂಗೆ, ಚೆಪ್ಪಂಡಿ, ನೀವೇ ಹೇಳ್ರಿ."

ಕೊನೆಯಲ್ಲಿ ಗೆರೆ ಎಳೆದು, ತೆಗೆದುಕೊಳ್ಳಬಹುದಾದ ಕೆಲವನ್ನು ಕೆಳಗೆ ಬರೆದುಕೊಟ್ಟೆ. ಮೂರೋ ನಾಲ್ಕೋ ಹೆಸರು. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಆಧಾರ್ ಕಾರ್ಡಿನ ಪ್ಲಾಸ್ಟಿಕ್ಕಿನೊಳಗೆ ತುರುಕಿಕೊಂಡಳು. ಪಾವಗಡದ ಬಸ್ಸು ಬಂತು. ಜನ ನುಗ್ಗುತ್ತಿದ್ದರು. ಅವಳು ನನ್ನ ಕಡೆ ಒಮ್ಮೆ ತಲೆಯಾಡಿಸಿ, ಸೀರೆಯನ್ನು ಮೇಲೆತ್ತಿಕೊಂಡು, ಏದುಸಿರಿಲ್ಲದೆ ಮೆಟ್ಟಿಲು ಹತ್ತಿ ಹೋದಳು.